ಸಾಕು ಎನ್ನುವ ಹಂತ

ಮಾರುಕಟ್ಟೆ ಶಾಸ್ತ್ರದ ಮೊದಲ ಪಾಠ ಅಗತ್ಯ, ಬಯಕೆ, ಬೇಡಿಕೆ. ಹಸಿವು ಅಗತ್ಯ. ಹಸಿದಾಗ ನೀರುದೋಸೆಯೇ ಬೇಕು, ಪಿಜ್ಜಾವೇ ಬೇಕು ಅನ್ನಿಸುವುದು ಬಯಕೆ. ಕೈಯಲ್ಲಿ ಕಾಸಿದ್ದು ಆ ಬಯಕೆ ಅಂಗಡಿಯ ಮೆಟ್ಟಿಲು ಹತ್ತಿದರೆ ಬೇಡಿಕೆ. ಬಿ.ಕಾಂ. ಮಕ್ಕಳಿಗೆ ವರ್ಷವರ್ಷವೂ ಇದನ್ನು ಕಲಿಸುತ್ತೇನೆ. 1967ರಲ್ಲಿ ಮೊದಲು ಅಚ್ಚಾದ ಫಿಲಿಪ್ ಕಾಟ್ಲರ್ ಅವರ ಪಠ್ಯ ಇನ್ನೊಂದು ಮಾತನ್ನೂ ಒತ್ತಿ ಹೇಳುತ್ತದೆ: ಅಗತ್ಯವನ್ನು ಮಾರುವವರು ಹುಟ್ಟಿಸುವುದಿಲ್ಲ, ಅದು ಅವರಿಗಿಂತ ಮೊದಲೇ ಇರುತ್ತದೆ, ಅವರ ಪ್ರಭಾವವೇನಿದ್ದರೂ ಬಯಕೆಯ ಮೇಲೆ.

ಇದು ಸುಳ್ಳಲ್ಲ. ಆದರೆ ಜೈನರ ಮನೆಯಲ್ಲಿ ಬೆಳೆದ ನನಗೆ ಈ ಮಾತು ಅರ್ಧದಲ್ಲೇ ನಿಂತಂತೆ ಕಾಣುತ್ತದೆ. ಬಯಕೆಗೆ ದಿಕ್ಕು ತೋರಿಸುವವರು ಇದ್ದಾರೆ ಸರಿ, ಅದಕ್ಕೆ ಗಡಿ ಹಾಕಬೇಕಾದವರು ಯಾರು?

ಮೂಡುಬಿದಿರೆ ಕಡೆಯ ನಮ್ಮ ಮನೆಯಲ್ಲಿ ಅಜ್ಜಿ ಮುನಿಗಳ ಮುಂದೆ ಪರಿಗ್ರಹ ಪರಿಮಾಣ ವ್ರತ ತೆಗೆದುಕೊಂಡಿದ್ದರು. ಗೃಹಸ್ಥರ ಐದು ಅಣುವ್ರತಗಳಲ್ಲಿ ಇದು ಕೊನೆಯದು. ಇಷ್ಟು ಸೀರೆ, ಇಷ್ಟು ಬಂಗಾರ, ಇಷ್ಟು ಪಾತ್ರೆ ಎಂದು ಎಣಿಸಿ ಒಪ್ಪಿಕೊಂಡಿದ್ದರು. ಯಾರಾದರೂ ಹೊಸ ಸೀರೆ ಉಡುಗೊರೆ ಕೊಟ್ಟರೆ ಪೆಟ್ಟಿಗೆಯಿಂದ ಇನ್ನೊಂದು ಹೊರಗೆ ಬಂದು ಬೇಕಾದವರ ಕೈ ಸೇರುತ್ತಿತ್ತು. ಅವರ ಮುಖದಲ್ಲಿ ತ್ಯಾಗದ ಬಿಗಿಯನ್ನು ನಾನು ಕಂಡವಳಲ್ಲ. ನಮ್ಮ ಜೊತೆ ಜವಳಿ ಅಂಗಡಿಗೆ ಬರುವರು, ಸೀರೆ ಬಿಡಿಸಿ ಅಂಚು, ಸೆರಗು ಮುಟ್ಟಿ ನೋಡುವರು, ನೇಯ್ದವರನ್ನು ಮನಸಾರೆ ಹೊಗಳುವರು, ತಮಗಾಗಿ ಏನೂ ಕೊಳ್ಳದೆ ಸಂತೋಷವಾಗಿ ಮರಳುವರು. ಚೆಂದದ ವಸ್ತುವನ್ನು ಮೆಚ್ಚುವುದಕ್ಕೂ ಅದು ತನ್ನದಾಗಲೇಬೇಕು ಅನ್ನುವುದಕ್ಕೂ ನಡುವೆ ಇಷ್ಟು ದೊಡ್ಡ ಅಂತರವಿದೆ ಎಂದು ನಾನು ಕಲಿತದ್ದು ಅವರಿಂದ.

ಜೈನ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಈ ವಿಷಯದಲ್ಲಿ ಬೆರಗಾಗುವಷ್ಟು ವಿವರಕ್ಕೆ ಇಳಿಯುತ್ತದೆ. ಒಮ್ಮೆ ಬಳಸಿ ಮುಗಿಯುವ ವಸ್ತು ಭೋಗ, ಮತ್ತೆ ಮತ್ತೆ ಬಳಸುವಂಥದ್ದು ಉಪಭೋಗ. ಸೋಪು, ಬಿಸ್ಕತ್ತು ಒಂದು ಕಡೆ, ಫ್ರಿಜ್ಜು, ಬೈಕು ಇನ್ನೊಂದು ಕಡೆ ಎಂದು ನಾವು ತರಗತಿಯಲ್ಲಿ ಮಾಡುವ ವಿಂಗಡಣೆಯೂ ಹೆಚ್ಚುಕಡಿಮೆ ಇದೇ. ನಾವು ವಿಂಗಡಿಸುವುದು ಯಾವುದನ್ನು ಹೇಗೆ ಮಾರಬೇಕೆಂದು ತಿಳಿಯಲು. ಆಚಾರ್ಯರು ವಿಂಗಡಿಸಿದ್ದು ಯಾವುದಕ್ಕೆ ಎಷ್ಟು ಮಿತಿ ಎಂದು ನಿಶ್ಚಯಿಸಲು. ಊಟ, ವಾಹನ, ಹಾಸಿಗೆ, ಹೂವು, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಎಲ್ಲವೂ ಅವರ ಪಟ್ಟಿಯಲ್ಲಿವೆ. ಮಿತಿ ಜೀವನಪೂರ್ತಿ ಇರಬೇಕೆಂದಿಲ್ಲ. ಒಂದು ಹಗಲು, ಒಂದು ರಾತ್ರಿ, ಪಕ್ಷ, ತಿಂಗಳು, ಋತು, ಹೀಗೆ ಶಕ್ತಿ ಇದ್ದಷ್ಟು.

ಗ್ರಾಹಕರ ನಡವಳಿಕೆಯನ್ನು ಎಂಗೆಲ್, ಕೊಲ್ಲಾಟ್, ಬ್ಲ್ಯಾಕ್‌ವೆಲ್ 1968ರಲ್ಲಿ ವಿವರಿಸಿದ ದಾರಿಯಲ್ಲೇ ನಾವು ಇಂದಿಗೂ ಐದು ಹಂತಗಳಲ್ಲಿ ಕಲಿಸುತ್ತೇವೆ: ಕೊರತೆ ಅರಿವಿಗೆ ಬರುವುದು, ವಿಚಾರಿಸುವುದು, ಹೋಲಿಸಿ ನೋಡುವುದು, ಕೊಳ್ಳುವುದು, ಕೊಂಡ ಮೇಲೆ ಮನಸ್ಸಿಗೆ ಆಗುವುದು. ಅಜ್ಜಿಯ ವ್ರತ ಈ ಐದರಲ್ಲಿ ಎಲ್ಲೂ ಕೂರುವುದಿಲ್ಲ. ಕೊರತೆ ಕಾಣಿಸುವ ಮೊದಲೇ, ಮನಸ್ಸು ತಿಳಿಯಾಗಿದ್ದಾಗ, ನಾಲ್ಕು ಜನರೆದುರು ಮಾಡಿದ ನಿರ್ಧಾರ ಅದು. ಆದ್ದರಿಂದಲೇ ಅಂಗಡಿಯ ದೀಪದಡಿ ಅವರು ತಮ್ಮೊಡನೆ ತಾವೇ ಗುದ್ದಾಡಬೇಕಾಗಿರಲಿಲ್ಲ. ಬೇಡಿಕೆಗೆ ಕೈಯಲ್ಲಿ ಕಾಸಿರಬೇಕು ಎಂಬ ಹಳೆಯ ಷರತ್ತೊಂದು ಹೊರಗಿನಿಂದ ಲಗಾಮು ಹಾಕುತ್ತಿತ್ತು. ತಿಂಗಳ ಕಂತು ಅದನ್ನೂ ಸಡಿಲಿಸಿದೆ. ಈಗ ಉಳಿದಿರುವುದು ಒಳಗಿನ ಲಗಾಮು ಒಂದೇ.

ಅದು ಏಕೆ ಇಷ್ಟು ಕಷ್ಟ? ರಸೆಲ್ ಬೆಲ್ಕ್ ಎಂಬ ವಿದ್ವಾಂಸರು 1988ರ ಒಂದು ಪ್ರಸಿದ್ಧ ಲೇಖನದಲ್ಲಿ, ನಮ್ಮ ವಸ್ತುಗಳನ್ನು ನಾವು ನಮ್ಮದೇ ಭಾಗವೆಂದು ಭಾವಿಸುತ್ತೇವೆ, ಕಳೆದರೆ ನಾವೇ ಸ್ವಲ್ಪ ಕಳೆದುಹೋದಂತೆ ನೋಯುತ್ತೇವೆ ಎಂದು ತೋರಿಸಿದರು. ಮೊಬೈಲ್ ಒಡೆದುಕೊಂಡ ವಿದ್ಯಾರ್ಥಿಯ ಮುಖ ನೋಡಿದವರಿಗೆ ಇದು ತಿಳಿದೇ ಇದೆ. ಜೈನರ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಹಿಡಿದು ತೋರಿಸಿದ್ದೂ ಈ ಅಂಟನ್ನೇ: ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ಅದಕ್ಕೆ ಅಂಟಿಕೊಂಡ ಮನಸ್ಸಿನಲ್ಲಿ. ಜಾಹೀರಾತು ಈ ಅಂಟನ್ನು ಬಂಡವಾಳ ಮಾಡಿಕೊಳ್ಳುತ್ತದೆ. ವಸ್ತುವಿನ ಗುಣ ಹೇಳಿ ಮುಗಿಸುವುದಿಲ್ಲ. ಇದು ಇಲ್ಲದ ನೀನು ಅಪೂರ್ಣ ಎನ್ನುತ್ತದೆ. ಮಾರುವವರು ಅಗತ್ಯವನ್ನು ಹುಟ್ಟಿಸದಿರಬಹುದು, ಅಪೂರ್ಣತೆಯ ನೋವನ್ನು ಮಾತ್ರ ಖಂಡಿತ ಹುಟ್ಟಿಸುತ್ತಾರೆ. ಇದು ತಪ್ಪು ಎಂದು ನಾನು ತರಗತಿಯಲ್ಲೂ ಹೇಳುತ್ತೇನೆ.

ವ್ರತದ ಹೆಸರಿನಲ್ಲಿ ಆತ್ಮವಂಚನೆಯೂ ನಡೆಯುತ್ತದೆ. ಎಂದೂ ಮುಟ್ಟಲಾರದಷ್ಟು ಎತ್ತರಕ್ಕೆ ಮಿತಿ ಇಟ್ಟುಕೊಂಡವರು ನಮ್ಮ ಸಮಾಜದಲ್ಲೇ ಇದ್ದಾರೆ. ಇನ್ನು ಎರಡೇ ಸೀರೆ ಇರುವವಳಿಗೆ ಪರಿಮಾಣದ ಉಪದೇಶ ಮಾಡುವುದು ಕ್ರೌರ್ಯ. ಚಿಕ್ ಶಾಂಪೂವಿನ ಸಣ್ಣ ಸ್ಯಾಷೆ ಹಳ್ಳಿಯ ಅಂಗಡಿ ತಲುಪಿದಾಗ, ಬಾಟಲಿ ಕೊಳ್ಳಲಾಗದ ಹೆಣ್ಣುಮಕ್ಕಳಿಗೂ ಒಂದು ಸುಖ ಕೈಗೆಟುಕಿತು. ಅದು ಒಳ್ಳೆಯ ಮಾರಾಟವೇ. ಮಿತಿಯ ಮಾತು ಹೊಟ್ಟೆ ತುಂಬಿದವರಿಗೆ, ಕಪಾಟು ತುಂಬಿದವರಿಗೆ, ಅಂದರೆ ನನ್ನಂಥ ಸಂಬಳದವರಿಗೆ.

ಭಾದ್ರಪದ ಶುಕ್ಲ ಪಂಚಮಿಯಿಂದ ಹತ್ತು ದಿನ ಜೈನರ ದಶಲಕ್ಷಣ ಪರ್ವ. ಅದರಲ್ಲೊಂದು ದಿನ ಆಕಿಂಚನ್ಯಕ್ಕೆ, ತನ್ನದೆಂಬುದು ಏನೂ ಇಲ್ಲ ಎಂಬ ಭಾವಕ್ಕೆ ಮೀಸಲು. ಅದು ಮುಗಿದು ಕೆಲವೇ ವಾರಗಳಲ್ಲಿ ನವರಾತ್ರಿ, ದೀಪಾವಳಿಯ ರಿಯಾಯಿತಿ ಮಾರಾಟ ಶುರುವಾಗುತ್ತದೆ. ನೀವು ಜೈನರಾಗಿರಬೇಕಿಲ್ಲ, ಮುನಿಗಳ ಮುಂದೆ ನಿಲ್ಲಬೇಕಾಗಿಯೂ ಇಲ್ಲ. ಮಾರಾಟ ಶುರುವಾಗುವ ಮೊದಲು ಯಾವುದಾದರೂ ಒಂದು ವಸ್ತುವಿಗೆ, ಒಂದು ಪಕ್ಷದ ಮಟ್ಟಿಗೆ, ಇಷ್ಟು ಸಾಕು ಎಂದು ನಿಶ್ಚಯಿಸಿ ಮನೆಯವರಿಗೆ ಹೇಳಿಬಿಡಿ. ಆಮೇಲೆ ಧಾರಾಳವಾಗಿ ಅಂಗಡಿಗೆ ಹೋಗಿ.