ಒಂದು ವೋಟಿನಿಂದ ಆಗುವದೇನು?

ಚುನಾವಣೆಯ ದಿನವು ಸಮೀಪಿಸಿದಾಗಲೆಲ್ಲಾ ಹೊಲದ ಬದುವಿನಲ್ಲಿಯೂ ಸಂತೆಯ ಹಾದಿಯಲ್ಲಿಯೂ ಒಂದು ಮಾತು ಕೇಳಬರುತ್ತದೆ: “ಯಾರು ಬಂದರೂ ನಮಗೆ ರಾಗಿ ಬೀಸುವದು ತಪ್ಪದು. ಲಕ್ಷಾಂತರ ಜನರಲ್ಲಿ ನನ್ನ ಒಂದು ವೋಟಿನಿಂದ ಆಗುವದೇನು? ಆ ದಿನದ ಕೂಲಿಯಾದರೂ ಸಿಕ್ಕಿದರೆ ಮಕ್ಕಳಿಗೆ ಅನ್ನವಾದೀತು.” ಪ್ರಿಯ ಓದುಗರೇ, ಇದು ಬುದ್ಧಿಹೀನರ ಮಾತೆಂದು ತಳ್ಳಿಬಿಡಕೂಡದು. ಕೂಲಿ ಮಾಡಿ ಉಣ್ಣುವವನು ಲೆಕ್ಕವನ್ನು ಬಲ್ಲವನು. ಅವನ ಲೆಕ್ಕವನ್ನು ನಾವೂ ಒಮ್ಮೆ ಮಾಡಿ ನೋಡೋಣ. (ಮತವೆಂಬ ಶಬ್ದಕ್ಕೆ ನಮ್ಮಲ್ಲಿ ಧರ್ಮವೆಂಬ ಅರ್ಥವೂ ಉಂಟಾದದರಿಂದ ಇಲ್ಲಿ ವೋಟು ಎಂದೇ ಬರೆಯುತ್ತೇವೆ.)

ಕರ್ನಾಟಕದ ವಿಧಾನಸಭೆಗೆ 224 ಕ್ಷೇತ್ರಗಳುಂಟು. ಒಂದೊಂದರಲ್ಲಿ ಸಾಧಾರಣವಾಗಿ ಎರಡು ಲಕ್ಷಕ್ಕೆ ಮೇಲ್ಪಟ್ಟ ಮತದಾರರು. ಗೆದ್ದವನಿಗೂ ಸೋತವನಿಗೂ ನಡುವೆ ಇರುವ ಅಂತರವು ಹೆಚ್ಚಾಗಿ ಸಾವಿರಗಳಲ್ಲಿರುತ್ತದೆ. ಹೀಗಿರಲಾಗಿ ಒಬ್ಬನು ಮನೆಯಲ್ಲಿ ಕೂತರೂ ಫಲವು ಬದಲಾಗದು. ಇದಕ್ಕೆ ಉತ್ತರವಾಗಿ ಕೆಲವರು ಸಂತೇಮರಹಳ್ಳಿಯ ಸಂಗತಿಯನ್ನು ಎತ್ತುವದುಂಟು. ಚಾಮರಾಜನಗರ ಜಿಲ್ಲೆಯ ಆ ಕ್ಷೇತ್ರದಲ್ಲಿ 2004ನೆಯ ಇಸವಿಯಲ್ಲಿ ಆರ್. ಧ್ರುವನಾರಾಯಣರಿಗೆ 40,752 ವೋಟುಗಳೂ ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ವೋಟುಗಳೂ ಬಂದವು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿಯೂ ಒಂದೇ ವೋಟು ತೀರ್ಪು ಮಾಡಿತು. ಇವು ನಿಜವಾದ ಸಂಗತಿಗಳೇ. ಆದರೂ ಇವುಗಳ ಮೇಲೆ ಮಾತ್ರ ನಿಂತು ವಾದಿಸುವದು ನಮಗೆ ಸರಿದೋರುವದಿಲ್ಲ. ಬಹು ಅಪೂರ್ವವಾಗಿ ನಡೆಯುವದನ್ನು ತೋರಿಸಿ ಬಡವನ ಒಂದು ದಿನದ ಕೂಲಿಯನ್ನು ಬಿಡಿಸುವದು, ಲಾಟರಿ ಚೀಟಿ ಮಾರುವವನ ಮಾತಿಗೆ ಸಮಾನವು.

ಹಾಗಾದರೆ ವೋಟಿನ ಬೆಲೆಯನ್ನು ಎಲ್ಲಿ ಹುಡುಕಬೇಕು? ಅದು ಇಲ್ಲದಿದ್ದ ಕಾಲವನ್ನು ನೆನಸಿರಿ. 1935ರ ಕಾನೂನಿನ ಮೇರೆಗೆ ಬ್ರಿಟಿಷ್ ಪ್ರಾಂತಗಳಲ್ಲಿ ಆಸ್ತಿ, ತೆರಿಗೆ, ಓದು ಮುಂತಾದವುಗಳನ್ನು ನೋಡಿ ವೋಟಿನ ಹಕ್ಕನ್ನು ಕೊಡುತ್ತಿದ್ದರು. 1937ರ ಚುನಾವಣೆಯಲ್ಲಿ ಮೂರು ಕೋಟಿಯಷ್ಟು ಜನರು ಮಾತ್ರ ಮತದಾರರು. ಕಂದಾಯ ಕಟ್ಟುವ ಒಡೆಯನ ಹೆಸರು ಪಟ್ಟಿಯಲ್ಲಿತ್ತು. ಆ ಹೊಲವನ್ನು ಉತ್ತವನ ಹೆಸರನ್ನು ಯಾರೂ ಕೇಳಲಿಲ್ಲ. ಸಂವಿಧಾನದ 326ನೆಯ ವಿಧಿಯು ಈ ಬೇಲಿಯನ್ನು ಕಿತ್ತುಹಾಕಿತು. 1951-52ರಲ್ಲಿ ನಡೆದ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ 17 ಕೋಟಿಗೆ ಮೇಲ್ಪಟ್ಟ ಹೆಸರುಗಳಿದ್ದವು. ಅವರಲ್ಲಿ ಬಹುಮಂದಿಗೆ ಅಕ್ಷರ ಬಾರದು. ಆಗ ಇಪ್ಪತ್ತೊಂದು ವರುಷ ತುಂಬಿದವರಿಗೆ ಇದ್ದ ಹಕ್ಕು 1989ರಿಂದ ಹದಿನೆಂಟು ತುಂಬಿದವರಿಗೂ ದೊರಕಿತು.

ಆ ಮೊದಲನೆಯ ಪಟ್ಟಿಯನ್ನು ಬರೆಯುವಾಗ ನಡೆದದ್ದೊಂದು ನಮಗೆ ಬಹಳ ಯೋಚನೆಯನ್ನು ಹುಟ್ಟಿಸುತ್ತದೆ. ಉತ್ತರ ದೇಶದ ಅನೇಕ ಸ್ತ್ರೀಯರು ಪಟ್ಟಿ ಬರೆಯುವವರಿಗೆ ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಇದಕ್ಕೆ ಒಪ್ಪಲಿಲ್ಲ. ಸ್ವಂತ ಹೆಸರನ್ನು ಹೇಳದೆಹೋದ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ಬಿಡಲಾಯಿತು. ಇದು ಕಠಿಣವಾದ ಕೆಲಸವೇ ಸರಿ, ಅಷ್ಟು ಮಂದಿಗೆ ಅದರಿಂದ ನಷ್ಟವೇ ಆಯಿತು. ಆದರೆ ಅದರ ಹಿಂದಿದ್ದ ನ್ಯಾಯವನ್ನು ನೋಡಿರಿ: ಈ ಪಟ್ಟಿಯಲ್ಲಿ ಯಾರೂ ಮತ್ತೊಬ್ಬರ ಹೆಂಡತಿಯಾಗಿಯೂ ಮತ್ತೊಬ್ಬರ ಆಳಾಗಿಯೂ ನಿಲ್ಲುವದಿಲ್ಲ, ಒಬ್ಬೊಬ್ಬರು ತಮ್ಮ ಹೆಸರಿನಿಂದಲೇ ನಿಲ್ಲುತ್ತಾರೆ. ಊರಿನಲ್ಲಿ ಜಗಲಿಯ ಕೆಳಗೆ ನಿಂತು ಮಾತಾಡುವವನಿಗೂ ಮತಗಟ್ಟೆಯಲ್ಲಿ ಒಡೆಯನಿಗಿರುವಷ್ಟೇ ತೂಕ.

ಇನ್ನು ಹಣದ ವಿಷಯ. ಚುನಾವಣೆಯ ಹಿಂದಿನ ರಾತ್ರಿ ನೋಟುಗಳನ್ನು ಹಿಡಿದು ಕೇರಿಗೆ ಬರುವವನು ಬೆಲೆಯಿಲ್ಲದ ವಸ್ತುವಿಗೆ ದುಡ್ಡು ಕೊಡುವಷ್ಟು ದಡ್ಡನೋ? ಕೊಡುವವನೂ ತೆಗೆದುಕೊಳ್ಳುವವನೂ ಇಬ್ಬರೂ ಕಾನೂನಿನ ಮುಂದೆ ಅಪರಾಧಿಗಳೆಂಬದು ಎಲ್ಲರಿಗೂ ತಿಳಿದದ್ದೇ. ಆದರೆ ತೆಗೆದುಕೊಂಡ ಮೇಲೆ ಹುಟ್ಟುವ ಸಂಕಟವನ್ನು ಯಾರೂ ವಿಚಾರಿಸುವದಿಲ್ಲ. ಕೆಲವು ಕಡೆ ಆಣೆ ಹಾಕಿಸಿಕೊಳ್ಳುತ್ತಾರೆ. ಬಡವನು ಮಾತಿಗೆ ತಪ್ಪಲು ಹೆದರುತ್ತಾನೆ. ಹೀಗೆ ಅವನ ಪ್ರಾಮಾಣಿಕತೆಯೇ ಅವನಿಗೆ ಹಗ್ಗವಾಗುತ್ತದೆ. ನಮ್ಮ ಅಭಿಪ್ರಾಯವೇನಂದರೆ, ಅಂಥ ಆಣೆಯು ಯಾರನ್ನೂ ಕಟ್ಟದು. ಯಾಕಂದರೆ ಅವನು ಮಾರಿದ್ದು ಅವನೊಬ್ಬನ ಸೊತ್ತಲ್ಲ. ಊರ ಕೆರೆಯ ನೀರನ್ನು ಒಬ್ಬನು ಅಡವಿಟ್ಟರೆ ಆ ಕರಾರು ನಿಂತೀತೇ? ಹಣವನ್ನು ಹಿಂದಕ್ಕೆ ಕೊಡುವದು ಉತ್ತಮ. ಭಯದಿಂದ ಕೊಡಲಾರದವನೂ ಮತಯಂತ್ರದ ಮುಂದೆ ಮನಸ್ಸಾಕ್ಷಿಯಂತೆ ಒತ್ತಲಿ. ಆ ಮರೆಯು ಇರುವದು ಅವನಿಗಾಗಿಯೇ.

ಕೂಲಿಯವನ ಲೆಕ್ಕದ ತಪ್ಪೂ ಇಲ್ಲಿಯೇ ಇದೆ. ಕೂಡಿಸುವದರಲ್ಲಿ ಅವನು ತಪ್ಪಲಿಲ್ಲ. ನನಗೇನು ಸಿಕ್ಕುವದು ಎಂದು ಕೇಳಿದನು. ನಮಗೇನಾಗುವದು ಎಂದು ಕೇಳಲಿಲ್ಲ. ಒಬ್ಬನು ಬಿಟ್ಟರೆ ಏನೂ ಆಗದೆಂಬದು ನಿಜ; ಆದರೆ ಅದೇ ಲೆಕ್ಕವನ್ನು ಒಂದು ಕೇರಿಯೆಲ್ಲಾ ಮಾಡಿದರೋ? ಒಬ್ಬನು ಯಾರಿಗೆ ವೋಟು ಹಾಕಿದನೆಂಬದು ಯಾರಿಗೂ ತಿಳಿಯಬಾರದೆಂದು ಕಾನೂನು ಹೇಳುತ್ತದೆ. ಆದರೆ ಒಂದೊಂದು ಮತಗಟ್ಟೆಯಲ್ಲಿ ಎಷ್ಟು ವೋಟು ಬಿದ್ದವು, ಯಾರಿಗೆ ಎಷ್ಟು ಎಂಬದು ಪ್ರಕಟವಾಗುತ್ತದೆ. ಅಭ್ಯರ್ಥಿಗಳು ಆ ಕಾಗದವನ್ನು ಮನಸ್ಸಿಟ್ಟು ಓದುತ್ತಾರೆ. ವೋಟು ಬಾರದ ಕಡೆಗೆ ರಸ್ತೆಯೂ ಬೇಗನೆ ಬಾರದು. ಇದು ನ್ಯಾಯವೆಂದು ನಾವು ಹೇಳುವದಿಲ್ಲ. ಲೋಕದ ರೀತಿ ಹಾಗುಂಟು.

ಗ್ರಾಮ ಪಂಚಾಯಿತಿಯಲ್ಲಂತೂ ಲೆಕ್ಕವೇ ಬೇರೆ. 1993ರ ಕಾಯಿದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯನು. ಅಲ್ಲಿ ನಾಲ್ಕಾರು ವೋಟುಗಳಿಂದ ಗೆಲ್ಲುವದು ಅಪೂರ್ವವಲ್ಲ. ಸಮವಾದರೆ ಚೀಟಿ ಎತ್ತುತ್ತಾರೆ. ಕುಡಿಯುವ ನೀರು, ಬೀದಿದೀಪ, ಚರಂಡಿ, ಮನೆ ಕಟ್ಟಿಕೊಡುವವರ ಪಟ್ಟಿ ಇವೆಲ್ಲಾ ಅಲ್ಲಿಯ ಮಾತು. 2020ರ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯಸ್ಥಾನಗಳನ್ನೇ ಹರಾಜು ಹಾಕಿದರೆಂದು ಪತ್ರಿಕೆಗಳಲ್ಲಿ ಬಂತು. ಹೆಚ್ಚು ಕೂಗಿದವನು ಎದುರಾಳಿಯಿಲ್ಲದೆ ಸದಸ್ಯನು. ಹಣವು ಊರ ಕೆಲಸಕ್ಕೆ. ಜಗಳವಿಲ್ಲದೆ ತೀರಿತೆಂದು ಹಿರಿಯರು ಸಂತೋಷಪಟ್ಟಿರಬಹುದು. ಆದರೆ ಆ ಹರಾಜಿನಲ್ಲಿ ಕೂಲಿಯವನು ಎಷ್ಟಕ್ಕೆ ಕೂಗಬಲ್ಲನು?

ದೂರದ ಪಟ್ಟಣಕ್ಕೆ ದುಡಿಯಲು ಹೋದವರನ್ನು ನಾವು ದೂಷಿಸುವದಿಲ್ಲ. ರಾಯಚೂರಿನಿಂದ ಗೋವೆಗೆ ಹೋಗಿ ಕಲ್ಲು ಹೊರುವವನು ಸಾಲ ಮಾಡಿ ಬಸ್ಸು ಹತ್ತಬೇಕೆಂದು ಯಾರು ಹೇಳಿಯಾರು? ಊರಲ್ಲಿಯೇ ಇನ್ನೊಬ್ಬರ ಕೈಕೆಳಗೆ ದುಡಿಯುವವರಿಗೆ ಒಂದು ಸಂಗತಿ ತಿಳಿದಿರಲಿ: ಲೋಕಸಭೆಯ ಮತ್ತು ವಿಧಾನಸಭೆಯ ಚುನಾವಣೆಯ ದಿನದಲ್ಲಿ ಅಂಗಡಿ ಕಾರ್ಖಾನೆ ಮೊದಲಾದವುಗಳ ಕೆಲಸಗಾರರಿಗೆ ಕೂಲಿಯನ್ನು ಮುರಿಯದೆ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿತ್ವ ಕಾಯಿದೆಯ 135ಬಿ ಪ್ರಕರಣವು ವಿಧಿಸುತ್ತದೆ. ಮನೆಯಲ್ಲಿ ಹದಿನೆಂಟು ತುಂಬಿದವರಿದ್ದರೆ 6ನೆಯ ನಮೂನೆಯ ಅರ್ಜಿಯನ್ನು ಮತಗಟ್ಟೆಯ ಅಧಿಕಾರಿಗೆ ಕೊಡಿರಿ. ಸೊಸೆಯರ ಹೆಸರು ತೌರೂರಿನ ಪಟ್ಟಿಯಲ್ಲಿಯೇ ಉಳಿದಿರುವದು ಬಹಳ; ಅದನ್ನೂ ವಿಚಾರಿಸಿ ನೋಡಿರಿ.