ತುಟಿಯಲ್ಲಿ ಸರಿದೂಗಿಸುವುದು

ಗುಬ್ಬಿ ವೀರಣ್ಣನವರ ಸೀಮೆಯವರಾದ ನಮಗೆ ಸಂಗೀತವೆಂದರೆ ಮೊದಲು ನೆನಪಾಗುವುದು ನಾಟಕದ ಹಾರ್ಮೋನಿಯಂ. ಅದರ ಸ್ವರ ಯಾರಿಗೂ ಬಾಗುವುದಿಲ್ಲ. ಹಾಡುವವರೇ ಅದಕ್ಕೆ ಹೊಂದಿಕೊಳ್ಳಬೇಕು. ಆಕಾಶವಾಣಿ 1940ರಲ್ಲಿ ಅದನ್ನು ದೂರವಿಟ್ಟು, 1971ರವರೆಗೆ ಒಳಗೆ ಬಿಟ್ಟುಕೊಳ್ಳದಿದ್ದುದಕ್ಕೆ ಈ ಹಟವೂ ಒಂದು ಕಾರಣ.

ಕುಣಿಗಲ್ಲಿನ ನಮ್ಮ ಭಾವನ ವಾದ್ಯ ಬೇರೆ. ಬ್ಯಾಂಡಿನಲ್ಲಿ ನುಡಿಸಿ ನಿವೃತ್ತರಾದವರು ಅವರು. ತೊಡೆಯ ಮೇಲೆ ಮಗುವಿನಂತೆ ಕೂರುವ ಹಿತ್ತಾಳೆಯ ಯೂಫೋನಿಯಂ ಅವರದು. ಅದರ ಒಂದೊಂದು ವಾಲ್ವು ಒತ್ತಿದಾಗಲೂ ಉಸಿರು ಇನ್ನೊಂದಿಷ್ಟು ಕೊಳವೆ ಸುತ್ತಿ ಬರುತ್ತದೆ, ಸ್ವರ ಇಳಿಯುತ್ತದೆ. ಎರಡು ಮೂರು ಒಟ್ಟಿಗೆ ಒತ್ತಿದರೆ ಮಾತ್ರ ಕೊಳವೆಯ ಲೆಕ್ಕ ಸಾಲದೆ ಸ್ವರ ಮೇಲೇಳುತ್ತದೆ. 1874ರಲ್ಲಿ ಇಂಗ್ಲೆಂಡಿನ ಬ್ಲೇಕ್ಲಿ ಎಂಬಾತ ಇದಕ್ಕೊಂದು ಉಪಾಯ ಕಂಡುಹಿಡಿದ. ಆದರೂ ಕೆಲವು ಸ್ವರಗಳು ತಲೆ ಎತ್ತಿಕೊಂಡೇ ಇರುತ್ತವೆ. ಅವಕ್ಕಾಗಿಯೇ ಟ್ರಿಗರ್: ಎಡಗೈಯಿಂದ ಎಳೆದರೆ ಟ್ಯೂನಿಂಗ್ ಸ್ಲೈಡ್ ಹೊರಜಾರಿ ಸ್ವರ ತಗ್ಗುತ್ತದೆ, ಬಿಟ್ಟರೆ ಸ್ಪ್ರಿಂಗು ಒಳಗೆಳೆದುಕೊಳ್ಳುತ್ತದೆ.

ಭಾವನ ಟ್ರಿಗರ್ ಬಹಳ ದಿನದಿಂದ ಕಚ್ಚಿಕೊಂಡಿತ್ತು.

"ತುಟಿ ಒಂಚೂರು ಸಡಿಲ ಬಿಟ್ರೆ ಆಯ್ತಮ್ಮ, ಯಾರಿಗೂ ಗೊತ್ತಾಗಲ್ಲ" ಎಂದರು.

ಸೊಪ್ಪು ಬಿಡಿಸುತ್ತಿದ್ದ ಅಕ್ಕ ತಲೆ ಎತ್ತದೆಯೇ, "ಮೂವತ್ತು ವರ್ಷದಿಂದ ನಾನು ಮಾಡ್ತಿರೋದೂ ಅದೇ ಕಣೇ" ಎಂದಳು.

ತುಮಕೂರಿಗೆ ಬರುವ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ಹೊಂದಿಕೊಂಡು ಹೋಗುವುದು ಗುಣವೆಂದೇ ನಮಗೆಲ್ಲ ಹೇಳಿಕೊಟ್ಟರು. ಗುಣವೇ ಹೌದು, ತುಟಿಯನ್ನು ಒಂದಿಷ್ಟೂ ಬಾಗಿಸದವನು ವಾದ್ಯಗಾರನೂ ಆಗಲಾರ. ಆದರೆ ತುಟಿ ದಿನವೂ ಕೊಳವೆಯ ದೋಷವನ್ನು ಮುಚ್ಚುತ್ತಾ ಹೋದರೆ ಕೇಳುವವರಿಗೆ ಸ್ವರ ಸರಿಯಾಗಿಯೇ ಇರುತ್ತದೆ. ಸರಿಯಿದ್ದದ್ದನ್ನು ಯಾರು ರಿಪೇರಿ ಮಾಡಿಸುತ್ತಾರೆ, ಹೇಳಿ? ರಾತ್ರಿಯ ಹೊತ್ತಿಗೆ ತುಟಿ ಸೋತು ನಾದ ಮಂಕಾದರೆ, ವಯಸ್ಸಾಯಿತು ಎನ್ನುತ್ತಾರೆ. ವಾದ್ಯ ಮಾಡಿದವರೇ ವಾಸಿ; ತಪ್ಪು ಕೊಳವೆಯದೆಂದು ಒಪ್ಪಿ ಅದಕ್ಕೊಂದು ಸನ್ನೆಕೋಲು ಜೋಡಿಸಿದರು.

ಮುಂದಿನ ಭಾನುವಾರ ನಾನು ಹೋದಾಗ ಭಾವ ಅಂಗಳದಲ್ಲಿ ವಾದ್ಯ ಬಿಚ್ಚಿಕೊಂಡು ಕೂತಿದ್ದರು. ಗಟ್ಟಿ ಸ್ಪ್ರಿಂಗು ಹಾಕಿಸಿ ಎಂದು ಯಾರೋ ಹೇಳಿದ್ದರಂತೆ. ಅವರು ಒಪ್ಪಲಿಲ್ಲ. ಗಟ್ಟಿ ಸ್ಪ್ರಿಂಗು ಹಾಕಿದರೆ ಎಳೆಯುವ ಕೈಗೆ ಭಾರ, ಒಳಗಿನ ಕಚ್ಚಾಟ ಒಳಗೇ. ಮೊದಲು ಸ್ಪ್ರಿಂಗು ತೆಗೆದು ಸ್ಲೈಡನ್ನು ಬರಿಗೈಯಲ್ಲಿ ಆಡಿಸಿ ನೋಡಬೇಕು: ಆಗಲೂ ಬಿಗಿಯಾಗಿದ್ದರೆ ಕೊಳೆ ಕಟ್ಟಿರಬೇಕು, ಇಲ್ಲವೇ ಅದರ ಎರಡು ಕಾಲು ಒಂದಕ್ಕೊಂದು ನೇರವಿರುವುದಿಲ್ಲ. ಇಲ್ಲಿದ್ದುದು ಕೊಳೆ. ಹಳೆಯ ಗ್ರೀಸು ಧೂಳು ಕುಡಿದು ಅಂಟಾಗಿತ್ತು. ಉಗುರುಬೆಚ್ಚನೆಯ ಸೋಪಿನ ನೀರಲ್ಲಿ ತೊಳೆದು, ಒರೆಸಿ, ತೆಳ್ಳನೆಯ ಎಣ್ಣೆ ಹಚ್ಚಿ ಕೂರಿಸಿದರು.

"ನೋಡೇ, ಬಿಟ್ಟ ತಕ್ಷಣ ವಾಪಸ್ಸು ಬರುತ್ತೆ" ಎಂದು ಅಕ್ಕನಿಗೆ ತೋರಿಸಿದರು.

ಅಕ್ಕ ನೋಡಿದಳು. "ನಾಲ್ಕು ದಿನ ಇವಳ ಜೊತೆ ತುಮಕೂರಿಗೆ ಹೋಗಿ ಬರ್ತೀನಿ" ಎಂದಳು.

"ಅಡುಗೆ?"

"ಅಕ್ಕಿ ಡಬ್ಬ ಎಲ್ಲಿದೆ ಅಂತ ತೋರಿಸಿ ಹೋಗ್ತೀನಿ, ಬನ್ನಿ."