ಊರಿಗೆ ಬಿಟ್ಟ ಮಗು

ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಸಂಜೆ ಹೊತ್ತು ಕೂತರೆ, ಮೂರು ತುಂಬದ ಒಂದು ಮಗುವಿನ ಬಾಯಲ್ಲಿ ಮೂರು ನುಡಿ ಕೇಳಿಬರುತ್ತವೆ. ಅಜ್ಜಿಯ ಹತ್ತಿರ ಅದು ತುಳುವಿನಲ್ಲಿ ‘ನೀರ್’ ಕೇಳುತ್ತದೆ, ನಮ್ಮ ಮನೆಗೆ ಬಂದಾಗ ‘ನೀರು’, ಎದುರಿನ ಮರಾಠಿ ಮನೆಯಲ್ಲಿ ‘ಪಾಣಿ’. ಯಾವ ಹೊಸ್ತಿಲಲ್ಲಿ ಯಾವ ಮಾತಿಗೆ ಲೋಟ ತುಂಬುತ್ತದೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಹೊಟ್ಟೆಪಾಡಿಗೆಂದು ಬಂದ ನಮಗೆ ಮುಂಬಯಿ ಮೊದಲು ಪರವೂರಾಗಿತ್ತು. ಅದು ನಮ್ಮದಾಗಲು ವರುಷಗಳೇ ಹಿಡಿದವು. ಮಗುವಿಗೆ ಪರವೂರೆಂಬುದು ಉಂಟೇ? ಎತ್ತಿಕೊಳ್ಳುವ ಕೈ ಇರುವಲ್ಲೆಲ್ಲ ಅದಕ್ಕೆ ಊರೇ.

ಈ ಮಗುವನ್ನು ನೋಡುತ್ತ ಮನಸ್ಸು ಹಿಂದಕ್ಕೆ, ನಮ್ಮ ಕರಾವಳಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಮನೆಗಳಿಗೆ ಹೋಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಆ ಪಾದ್ರಿಗಳ ಕೆಲಸ ನಮಗೆ ಹೊಸತಲ್ಲ: ಅಚ್ಚುಕೂಟ, ಹೆಂಚಿನ ಕಾರ್ಖಾನೆ, ಮಗ್ಗ, ಶಾಲೆ, ಮೋಗ್ಲಿಂಗರ 1843ರ ‘ಮಂಗಳೂರ ಸಮಾಚಾರ’, ಕಿಟ್ಟೆಲರ 1894ರ ನಿಘಂಟು. ಆ ಬಂಗಲೆಗಳ ಮೇಜನ್ನು ನಾವು ನೆನೆಯುತ್ತೇವೆ, ಮೇಜಿನ ಮೇಲಿನ ಹಸ್ತಪ್ರತಿಯನ್ನು ನೆನೆಯುತ್ತೇವೆ. ಒಳಕೋಣೆಯಲ್ಲಿ ತೂಗುತ್ತಿದ್ದ ತೊಟ್ಟಿಲನ್ನು ಎಂದಾದರೂ ನೆನೆದಿದ್ದೇವೆಯೇ?

ತೊಟ್ಟಿಲಿರುವ ಮನೆಗೆ ತನ್ನದೇ ಒಂದು ಧರ್ಮವಿದೆ. ದೂರದೇಶಕ್ಕೆ ಬೋಧಿಸಲೆಂದು ಹೊರಟವರು ಕೊಡುವವರಾಗಿ ಬರುತ್ತಾರೆ. ತಮ್ಮ ಬಳಿ ಸತ್ಯವಿದೆ, ವಿದ್ಯೆಯಿದೆ, ಮದ್ದಿದೆ ಎಂಬ ನಂಬಿಕೆಯಿಂದ ಬರುತ್ತಾರೆ. ಆದರೆ ನಡುರಾತ್ರಿ ಮಗುವಿನ ಮೈ ಕಾದಾಗ ಕೊಡುವವರು ಯಾರು, ಬೇಡುವವರು ಯಾರು? ಹಲ್ಲು ಬರುವ ಮಗು ಹಟ ಹಿಡಿದಾಗ, ಮಳೆಗಾಲದಲ್ಲಿ ಅರಿವೆ ಒಣಗದಾಗ, ಅನ್ನ ಉಣ್ಣದೆ ಬಾಯಿ ಬಿಗಿಹಿಡಿದಾಗ, ಹೊರನಾಡಿನ ತಾಯಿ ನೆರೆಯ ಹೆಂಗಸಿನ ಮುಖ ನೋಡಲೇಬೇಕು. ಆ ಕ್ಷಣದಲ್ಲಿ ಅವಳು ಬೋಧಕಿಯಲ್ಲ, ಬರಿಯ ತಾಯಿ. ದೊಡ್ಡವರು ಪುಸ್ತಕದಿಂದ ಒಂದೊಂದೇ ಪದ ಹೆಕ್ಕಿ ಕಲಿಯುವ ನುಡಿಯನ್ನು ಮಗು ಸಾಕುವವರ ಸೊಂಟದ ಮೇಲೆ ಕೂತೇ ಕಲಿಯುತ್ತದೆ. ಬಂದವರನ್ನು ಆ ನೆಲದ ನೆರೆಯವರನ್ನಾಗಿಸುವ ಕೆಲಸವನ್ನು ಹೀಗೆ ಯಾವ ಉಪದೇಶಕ್ಕಿಂತ ಮೊದಲು ಮನೆಯ ಕೂಸೇ ಮಾಡಿರುತ್ತದೆ.

ಅಂಥ ಕೂಸುಗಳಿಗೆ ಆ ನೆಲದಲ್ಲಿ ಎಷ್ಟು ದಿನದ ಋಣ? 1853ರಲ್ಲಿ ಬಾಸೆಲ್‌ನಲ್ಲಿ ಪಾದ್ರಿಗಳ ಮಕ್ಕಳಿಗಾಗಿಯೇ ಒಂದು ಮನೆ ತೆರೆಯಿತು. ಆರೇಳರ ಆಸುಪಾಸಿನಲ್ಲಿ ಮಕ್ಕಳನ್ನು ಹಡಗು ಹತ್ತಿಸಿ ಅಲ್ಲಿಗೆ ಕಳುಹಿಸುವುದು ಪದ್ಧತಿಯಾಯಿತು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚಿನ ಕಾಲದಲ್ಲಿ, ಒಂದು ಕಾಗದ ಹೋಗಿ ಅದರ ಉತ್ತರ ಕೈಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು. ‘ಹಲ್ಲು ಬಿತ್ತು’ ಎಂದು ಮಗು ಬರೆದ ಸುದ್ದಿ ತಾಯಿಗೆ ತಲುಪುವಷ್ಟರಲ್ಲಿ ಹೊಸ ಹಲ್ಲು ಮೂಡಿರುತ್ತಿತ್ತು.

ಅದೇ ಮಿಷನ್ನಿನವರಾದ, ಮಲಯಾಳದ ನಿಘಂಟುಕಾರ ಹೆರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಆ ಮನೆ ತೆರೆಯುವ ಮೊದಲೇ, ನಾಲ್ಕರ ಎಳವೆಯಲ್ಲಿ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಮಲಬಾರಿಗೆ ಮರಳಿದರು. ಮತ್ತೆ ಅವಳು ಅವರ ಬಳಿಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಅವಳ ತಾಯಿ ಜೂಲಿ ಮಲಬಾರಿನಲ್ಲಿ ಹೆಣ್ಣುಮಕ್ಕಳ ವಸತಿಶಾಲೆ ಕಟ್ಟಿ ನಡೆಸಿದ ಹೆಂಗಸು. ಬೇರೆಯವರ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದಳು. ಆ ಹೊತ್ತಿನಲ್ಲಿ ಅವಳ ಸ್ವಂತ ಮಗಳು ಸಮುದ್ರದಾಚೆ ಬೇರೆಯವರ ಕೈಯಲ್ಲಿ ಬೆಳೆಯುತ್ತಿದ್ದಳು. ಇದನ್ನು ತ್ಯಾಗವೆನ್ನೋಣವೇ? ತ್ಯಾಗವೆಂದರೆ ತನ್ನದನ್ನು ತಾನು ಬಿಟ್ಟುಕೊಡುವುದು. ನಾಲ್ಕು ವರ್ಷದ ಮಗು ಏನನ್ನು ಬಿಟ್ಟುಕೊಟ್ಟಿತು? ಅದನ್ನು ಕೇಳಿದವರಾರು?

ಹಾಗೆಂದು ಅವರನ್ನು ಕಲ್ಲೆದೆಯವರೆನ್ನಲು ನಮಗೆ ಬಾಯಿ ಬರಬಾರದು. ಆ ಕಾಲದ ಜ್ವರಗಳು ಯಾರನ್ನೂ ಬಿಡುತ್ತಿರಲಿಲ್ಲ. ಕಿಟ್ಟೆಲರ ಮೊದಲ ಹೆಂಡತಿ ಪೌಲೀನ ತೀರಿಕೊಂಡದ್ದು 1864ರಲ್ಲಿ, ಮದುವೆಯಾದ ಕೆಲವೇ ವರ್ಷಗಳಲ್ಲಿ. ಸುಮಾರು 70,000 ಪದಗಳ ಆ ನಿಘಂಟನ್ನು ತೆರೆಯುವಾಗ ಅದನ್ನು ಕಟ್ಟಿದ ಕೈ ಇಂಥ ದುಃಖವನ್ನೂ ಹೊತ್ತಿತ್ತೆಂಬುದನ್ನು ನಾವು ಮರೆಯಬಾರದು. ಮಗು ಬದುಕಲಿ, ಓದಲಿ ಎಂಬ ಪ್ರೀತಿಯೇ ಮಗುವನ್ನು ದೂರ ಕಳುಹಿಸಿತು. ಪ್ರೀತಿಯೇ ಅಗಲಿಕೆಗೆ ಕಾರಣವಾದಾಗ ಯಾರನ್ನು ದೂರುವುದು?

ಇಷ್ಟಕ್ಕೂ ಇದು ಅವರ ಕಥೆಯಷ್ಟೇ ಆಗಿದ್ದರೆ ಆಂಟಾಪ್ ಹಿಲ್‌ನ ಮೆಟ್ಟಿಲ ಮೇಲೆ ಕೂತು ನಾವೇಕೆ ಅದನ್ನು ನೆನೆಯಬೇಕಿತ್ತು? ‘ಮಗುವನ್ನು ಊರಿಗೆ ಬಿಟ್ಟಿದ್ದೇವೆ’ ಎಂಬ ಮಾತನ್ನು ಮುಂಬಯಿ ಕನ್ನಡಿಗರಲ್ಲಿ ಕೇಳದವರುಂಟೇ? ಒಂದು ಖೋಲಿ, ಇಬ್ಬರ ದುಡಿಮೆ, ಬೆಳಗಿನ ಲೋಕಲ್, ನೋಡಿಕೊಳ್ಳುವವರಿಲ್ಲದ ಹಗಲು. ಮಗು ಅಜ್ಜಿಯ ಮಡಿಲಿಗೆ ಹೋಗುತ್ತದೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾದ ಮೇಲೆ ಕುರ್ಲಾ ಟರ್ಮಿನಸ್ಸಿನಿಂದ ಉಡುಪಿ ಒಂದು ರಾತ್ರಿಯ ದೂರ. ಫೋನಿನಲ್ಲಿ ಮುಖವೂ ಕಾಣುತ್ತದೆ. ದೂರ ಕುಗ್ಗಿತು, ನಿಜ. ಮಗುವಿನ ಲೆಕ್ಕದಲ್ಲಿ ಕುಗ್ಗಿತೇ? ಅದಕ್ಕೆ ಮೈಲಿಯ ಅಳತೆ ತಿಳಿಯದು. ಎತ್ತಿಕೊಳ್ಳಲಾಗದ ಕೈ ಎಷ್ಟು ಹತ್ತಿರ ಕಂಡರೂ ದೂರದ್ದೇ.

ನಾವು ದುಡಿಮೆಯನ್ನು ಕರ್ತವ್ಯವೆಂದೆವು, ಅವರು ಸೇವೆಯೆಂದರು. ದೊಡ್ಡ ಹೆಸರಿನ ಯಾವ ಕೆಲಸಕ್ಕೂ ಮಗು ಒಂದೇ ಪ್ರಶ್ನೆಯನ್ನು ಒಡ್ಡುತ್ತದೆ: ಸಂಜೆ ಬರುತ್ತೀಯಾ? ಎಲ್ಲ ಕಾಲದಲ್ಲೂ ‘ಬರುತ್ತೇನೆ’ ಎನ್ನಲು ಬದುಕು ಬಿಡದು. ಬರಲಾಗದ ದಿನಗಳ ಸಾಲ ನಮ್ಮ ಮೇಲಿದೆ ಎಂಬ ಎಚ್ಚರವನ್ನಾದರೂ ನಾವು ಉಳಿಸಿಕೊಳ್ಳಬೇಕು. ಸಾಲವನ್ನು ತ್ಯಾಗವೆಂದು ಕರೆದುಬಿಟ್ಟರೆ ತೀರಿಸುವ ಮಾತೇ ಏಳುವುದಿಲ್ಲ.

ಮೂರು ನುಡಿಯ ಈ ಮಗುವೂ ಹಾಗೆ ಊರಿಗೆ ಬಿಟ್ಟ ಮಗುವೇ. ಕಳೆದ ದೀಪಾವಳಿಗೆ ಅಜ್ಜಿಯೊಡನೆ ಮರಳಿ ಬಂದ ದಿನ ಅದು ತಾಯಿಯನ್ನು ಕಂಡು ಅಜ್ಜಿಯ ಸೆರಗಿನ ಹಿಂದೆ ಅಡಗಿತು. ನಾವು ನೆರೆಯವರೆಲ್ಲ ‘ಅಮ್ಮ, ನಿನ್ನಮ್ಮ’ ಎಂದು ಅದಕ್ಕೆ ಕಲಿಸಹೊರಟೆವು. ತಾಯಿ ಮಾತ್ರ ಕರೆಯಲಿಲ್ಲ, ಕೈ ಚಾಚಲಿಲ್ಲ. ಅಂದು ರಜೆ ಹಾಕಿದ್ದಳು. ನೆಲದ ಮೇಲೆ ಕೂತು ಮೊರದಲ್ಲಿ ಬಟಾಣಿ ಸುಲಿಯತೊಡಗಿದಳು. ಗಂಟೆ ಕಳೆಯಿತು. ಮಗು ಸೆರಗು ಬಿಟ್ಟಿತು, ಹತ್ತಿರ ಬಂತು, ಒಂದು ಕಾಯಿ ಎತ್ತಿ ಅವಳ ಕೈಗಿಟ್ಟಿತು. ಇನ್ನೊಂದು ಇಟ್ಟಿತು. ಆಮೇಲೆ ಅವಳ ಮುಖ ನೋಡಿ ಅಜ್ಜಿಯ ನುಡಿಯಲ್ಲೇ ಕೇಳಿತು: ‘ನೀರ್.’

ಅವಳು ಮೊರ ಸರಿಸಿ ಎದ್ದು ಲೋಟ ತುಂಬಿಸಿದಳು.